ಆರ್ಡೆಲ್ಲಾಳ ಕೊನೆಯ ಟ್ಯಾಕ್ಸ್ ಕಾಗದ

ಲಟ್ರೀಸ್ ತನ್ನ ಮಗನ ಟೈಯನ್ನು ಮೂರನೆಯ ಸಲ ಬಿಚ್ಚಿ ಕಟ್ಟುತ್ತಿದ್ದಳು. ಎಂಟು ವರ್ಷದ ಮಲಾಕೈ ನಿಂತು ನಿಂತು ಸಾಕಾಗಿ, "ಅಜ್ಜಿ ಆಗಿದ್ರೆ ಒಂದೇ ಸಲಕ್ಕೆ ಕಟ್ಟಿರೋರು" ಎಂದ. ಹುಡುಗ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಅಜ್ಜಿ, ಲಟ್ರೀಸಳ ತಾಯಿ ಆರ್ಡೆಲ್ಲಾ ಫೌಂಟನ್, ಆ ಹೊತ್ತಿಗಾಗಲೇ ಚರ್ಚಿನಲ್ಲಿ ತನಗಿಷ್ಟವಾದ ನೇರಳೆ ಉಡುಪು ತೊಟ್ಟು ಪೆಟ್ಟಿಗೆಯಲ್ಲಿ ಮಲಗಿದ್ದಳು. ಇನ್ನು ಅರ್ಧ ಗಂಟೆಯಲ್ಲಿ ಇವರೆಲ್ಲ ಅಲ್ಲಿರಬೇಕಿತ್ತು.

ಅಡುಗೆಮನೆಯ ಮೇಜಿನ ಮುಂದೆ ಕೂತು ಕಾಫಿ ಹೀರುತ್ತಿದ್ದ ರೂಫಸ್, ಸತ್ತವಳ ತಮ್ಮ, ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ.

"ಅಲ್ವೇ ಲಟ್ರೀಸ್, ಈ ವರ್ಷ ಮಕ್ಕಳು ಯಾರ ಟ್ಯಾಕ್ಸ್ ಕಾಗದಕ್ಕೆ?"

"ಮಾವ! ಅಮ್ಮನ್ನ ಇನ್ನೂ ಮಣ್ಣು ಮಾಡಿಲ್ಲ."

"ಕೇಳಿದ್ರಲ್ಲಿ ಏನ್ ತಪ್ಪು? ನಿಮ್ಮಮ್ಮನ್ನೂ ಪ್ರತಿ ಜನವರಿ ಕೇಳ್ತಿದ್ದೆ. ಅಕ್ಕಾ, ನಿಂಗೆ ಎರಡಿದೆ, ನಾನು ಒಂಟಿ ಗೂಬೆ, ಒಂದನ್ನ ನನ್ನ ಕಾಗದಕ್ಕೆ ಕೊಡೇ, ನಾಲ್ಕು ಕಾಸು ವಾಪಸ್ ಬರುತ್ತೆ ಅಂತ. ಕೊಟ್ಟಳಾ? ಜಪ್ಪಯ್ಯ ಅಂದ್ರೂ ಕೊಡ್ಲಿಲ್ಲ."

ಜಾರ್ಜಿಯಾದ ಆ ಸಣ್ಣ ಊರಿನಲ್ಲಿ ಇದು ನಡೆಯುತ್ತಿದ್ದ ಮಾತೇ. ಮನೆಯಲ್ಲಿ ಸಾಕುವ ಮಗುವಿನ ಹೆಸರನ್ನು ಟ್ಯಾಕ್ಸ್ ಕಾಗದದಲ್ಲಿ ಬರೆದವರಿಗೆ ಸರ್ಕಾರದಿಂದ ಒಂದಷ್ಟು ಹಣ ವಾಪಸ್ ಬರುತ್ತಿತ್ತು. ಜನವರಿ ಬಂತೆಂದರೆ ಅಕ್ಕ ತಂಗಿಯರು, ಮಾವಂದಿರು, ಕೊನೆಗೆ ಪಕ್ಕದ ಮನೆಯವರೂ ಮಕ್ಕಳ ಹೆಸರನ್ನು ಆಚೀಚೆ ಕೊಟ್ಟು ತಗೊಂಡು ಮಾಡುತ್ತಿದ್ದರು. ಆರ್ಡೆಲ್ಲಾ ಮಾತ್ರ ಸೊಂಟಕ್ಕೆ ಕೈಯಿಟ್ಟು, "ಮೊಮ್ಮಕ್ಕಳೇನು ಛತ್ರಿಯೇನೋ ಎರವಲು ಕೊಡೋಕೆ? ಯಾರ ಮನೇಲಿ ಮಲಗ್ತಾರೋ ಅವರ ಕಾಗದದಲ್ಲಿರ್ತಾರೆ" ಎಂದು ತಮ್ಮನನ್ನು ಅಟ್ಟುತ್ತಿದ್ದಳು. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು. ಅವಳ ದನಿಗೆ ರೂಫಸನೇನು, ಹೈಸ್ಕೂಲಿನ ಪುಂಡರೇ ಬಾಯಿ ಮುಚ್ಚುತ್ತಿದ್ದರು.

ಹೊರಗಿನಿಂದ ಕಮಿಲ್ ಬಂದಳು. ಅವಳು ಲಟ್ರೀಸಳ ಅಕ್ಕ. ಅಟ್ಲಾಂಟಾದಲ್ಲಿ ದೊಡ್ಡ ಮನೆ, ಒಳ್ಳೆಯ ಗಂಡ, ಎಲ್ಲಕ್ಕೂ ಒಂದು ಪಟ್ಟಿ ಮಾಡಿ ಇಟ್ಟುಕೊಳ್ಳುವ ಸ್ವಭಾವ.

"ಲಟ್ರೀಸ್, ಶಾಲೆ ವಿಚಾರಿಸಿದ್ದೀನಿ. ಮೇಲಿನ ರೂಮು ಖಾಲಿ ಮಾಡ್ಸಿದ್ದೀನಿ. ಸಂಜೆನೇ ಹೊರಟ್ರೆ ಸೋಮವಾರದಿಂದ ಮಕ್ಕಳು ಅಲ್ಲೇ ಶಾಲೆಗೆ ಹೋಗ್ಬಹುದು. ನೀನು ತಾಯಿ, ಹೇಳೋಳು ನೀನೇ. ಆದ್ರೆ ಸ್ವಲ್ಪ ಯೋಚನೆ ಮಾಡು. ನಿಂದು ಎರಡು ಕೋಣೆ ಮನೆ."

"ಊಟ ಆದ್ಮೇಲೆ ಹೇಳ್ತೀನಿ ಅಕ್ಕಾ" ಎಂದಳು ಲಟ್ರೀಸ್.

ಮೂರು ದಿನದಿಂದ ಅವಳು ಹೇಳಬೇಕೆಂದುಕೊಂಡದ್ದು ಒಂದೇ ಮಾತು. ಮಕ್ಕಳು ನನ್ನ ಜೊತೆಗೇ ಇರಲಿ, ಅಷ್ಟೇ. ಆದರೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಅವಳು ಮಾತ್ರೆಗಳ ಚಟಕ್ಕೆ ಬಿದ್ದದ್ದು, ಜೈಲಿನಲ್ಲಿದ್ದದ್ದು, ಆರು ವರ್ಷ ಮಕ್ಕಳನ್ನು ಅಜ್ಜಿ ಸಾಕಿದ್ದು, ಇಡೀ ಊರಿಗೇ ಗೊತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಕಿಟಕಿಯ ಹತ್ತಿರ ತಲೆ ಬಾಚಿಕೊಳ್ಳುತ್ತಿದ್ದ ಹದಿಮೂರರ ಮಗಳು ಕಿಯಾನಾ. ಅವಳು ಈ ಕಡೆ ತಿರುಗಲಿಲ್ಲ. ಬಾಚಣಿಗೆ ಮಾತ್ರ ಸ್ವಲ್ಪ ಹೊತ್ತು ನಿಂತಿತು.

* * *

ಮೂರು ವರ್ಷದ ಹಿಂದಿನ ಮಾತು. ಲಟ್ರೀಸ್ ಚಟ ಬಿಟ್ಟು, ವೃದ್ಧಾಶ್ರಮವೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕೆ ಸೇರಿ ಏಳೆಂಟು ತಿಂಗಳಾಗಿತ್ತು. ಜನವರಿಯಲ್ಲಿ ಮುಖ್ಯರಸ್ತೆಯಲ್ಲಿ ಟ್ಯಾಕ್ಸ್ ಬರೆದುಕೊಡುವ ಅಂಗಡಿಯೊಂದು ಎದ್ದಿತು. ಏಪ್ರಿಲ್ ದಾಟಿದರೆ ಹುಡುಕಿದರೂ ಸಿಗದಂಥ ಅಂಗಡಿ. ಗಿರಾಕಿಗಳನ್ನು ಕರೆಯಲು ಬಾಗಿಲಲ್ಲಿ ಒಬ್ಬ ವೇಷ ಹಾಕಿಕೊಂಡು ಜಾಹೀರಾತಿನ ಹಲಗೆ ಹಿಡಿದು ಕುಣಿಯುತ್ತಿದ್ದ. ಲಟ್ರೀಸ್ ಸಂಬಳದ ಚೀಟಿ ಹಿಡಿದು ಒಳಗೆ ಹೋದಳು.

ಕಂಪ್ಯೂಟರಿನ ಮುಂದಿದ್ದ ಹುಡುಗ ತಲೆ ಎತ್ತದೆ ಕೇಳಿದ: "ಮಕ್ಕಳಿದ್ದಾರಾ ಮೇಡಂ?"

ಅವಳನ್ನು ಹಾಗೆ ಯಾರೂ ಕೇಳಿ ಎರಡು ವರ್ಷವಾಗಿತ್ತು. ಚಟ ಇದೆಯಾ ಎಂದು ಕೇಳಿದವರಿದ್ದರು, ಜಾಮೀನು ಇದೆಯಾ ಎಂದು ಕೇಳಿದವರಿದ್ದರು. ಮಕ್ಕಳಿದ್ದಾರಾ ಎಂದು ಸಹಜವಾಗಿ, ಬೇರೆ ತಾಯಂದಿರನ್ನು ಕೇಳಿದ ಹಾಗೆ ಯಾರೂ ಕೇಳಿರಲಿಲ್ಲ. ಅವಳ ಮನಸ್ಸು ತುಂಬಿ ಬಂತು.

"ಇಬ್ಬರು" ಎಂದಳು. "ಮಗಳು ಕಿಯಾನಾ. ಮಗ ಮಲಾಕೈ."

"ಮಕ್ಕಳ ಸರ್ಕಾರಿ ಗುರುತಿನ ನಂಬರು ಗೊತ್ತಾ?"

ಗೊತ್ತು. ಒಂಬತ್ತು ಒಂಬತ್ತು ಅಂಕಿ, ಎರಡೂ ಬಾಯಿಪಾಠ. ತನ್ನ ಹೆಸರೇ ಮರೆತುಹೋದಂಥ ದಿನಗಳಲ್ಲೂ ಆ ಎರಡು ಮರೆತಿರಲಿಲ್ಲ. ಅವಳು ಹೇಳಿದಳು, ಹುಡುಗ ಒತ್ತಿದ.

"ನಿಮ್ಮ ಜೊತೆಗೇ ಇದ್ದಾರಲ್ಲ?"

"ಹೂಂ" ಎಂದುಬಿಟ್ಟಳು.

ಎರಡು ವಾರದ ಮೇಲೆ ಆರ್ಡೆಲ್ಲಾ ಎಂದಿನಂತೆ ಪೆಟ್ಟವೇ ಮೇಷ್ಟ್ರ ಮನೆಗೆ ಹೋದಳು. ಮೇಷ್ಟ್ರು ಲೆಕ್ಕದ ಪಾಠ ಬಿಟ್ಟು ನಿವೃತ್ತರಾದ ಮೇಲೆ ಚರ್ಚಿನವರ ಟ್ಯಾಕ್ಸೆಲ್ಲ ಅವರ ಜಗುಲಿಯಲ್ಲೇ ಆಗುತ್ತಿತ್ತು. ಅವರು ಕಂಪ್ಯೂಟರಿನಲ್ಲಿ ಕಳಿಸಿದ ಕಾಗದ ಚಿಟಿಕೆ ಹೊಡೆಯುವಷ್ಟರಲ್ಲಿ ವಾಪಸ್ ಬಂತು. ಈ ಎರಡು ಮಕ್ಕಳನ್ನು ಬೇರೊಬ್ಬರು ಈಗಾಗಲೇ ತಮ್ಮವರೆಂದು ಬರೆದುಕೊಂಡಿದ್ದಾರೆ. ಯಾರೆಂದು ಕಂಪ್ಯೂಟರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಶುಕ್ರವಾರ ಸಂಜೆ ಯಾರೋ ಲಟ್ರೀಸಳ ಬಾಗಿಲು ಬಡಿದರು. ಆರ್ಡೆಲ್ಲಾ ನಿಂತಿದ್ದಳು. ಹಿಂದೆ ಮಕ್ಕಳಿಬ್ಬರು, ಹೆಗಲಲ್ಲಿ ಶಾಲೆಯ ಚೀಲ.

"ಈ ಮಕ್ಕಳು ನಿನ್ನ ಮನೇಲಿ ಮಲಗ್ತಾರೆ ಅಂತ ಸರ್ಕಾರಕ್ಕೆ ಬರ್ಕೊಟ್ಟಿದ್ದೀಯಂತೆ."

ಲಟ್ರೀಸ್ ಅಳತೊಡಗಿದಳು.

"ಅಳೋದೆಲ್ಲ ಆಮೇಲೆ. ಸೋಮವಾರ ಮೇಷ್ಟ್ರ ಹತ್ರ ಹೋಗಿ ತಪ್ಪಾಯ್ತು ಅಂತ ತಿದ್ದಿ ಬರ್ಕೊಡು. ತಗೊಂಡ ದುಡ್ಡನ್ನ ಕಂತಲ್ಲಿ ವಾಪಸ್ ಕಟ್ಟು. ಅದು ನಿನ್ನ ಕೆಲಸ, ನಾನು ಬೆರಳೂ ಅಲ್ಲಾಡ್ಸಲ್ಲ. ಇವತ್ತು ಶುಕ್ರವಾರ. ಬರ್ದಿದ್ದನ್ನ ಒಂದು ರಾತ್ರಿಯಾದ್ರೂ ನಿಜ ಮಾಡು."

ಇಷ್ಟು ಹೇಳಿ ಕಾರು ಹತ್ತಿ ಹೋಗೇಬಿಟ್ಟಳು. ಮನೆಯಲ್ಲಿ ನಾಲ್ಕು ಮೊಟ್ಟೆ ಮತ್ತು ಅರ್ಧ ಬಾಟಲಿ ಜಾಮ್ ಇತ್ತು. ಲಟ್ರೀಸ್ ಮೊಟ್ಟೆ ಹುರಿಯಲು ಹೋಗಿ ಸೀಯಿಸಿದಳು. ಆಗ ಐದು ವರ್ಷದ ಮಲಾಕೈ ಅದನ್ನೇ ತಿಂದು ಇನ್ನೂ ಬೇಕೆಂದ. ಹತ್ತು ವರ್ಷದ ಕಿಯಾನಾ ಮುಟ್ಟಲಿಲ್ಲ. ತಾಯಿಯನ್ನು ನೆಟ್ಟ ನೋಟದಿಂದ ನೋಡಿ ಕೇಳಿದಳು:

"ನಮ್ಮ ಹೆಸರು ತಗೊಂಡ್ಯಲ್ಲ, ನಮ್ಮನ್ನ ಯಾಕೆ ತಗೊಳ್ಳಿಲ್ಲ?"

ಲಟ್ರೀಸ್ ಜಾಮಿನ ಬಾಟಲಿಯನ್ನು ಮಗಳ ಕಡೆ ಸರಿಸಿದಳು. ಅಂದಿನಿಂದ ಶುಕ್ರವಾರ ತಪ್ಪಲಿಲ್ಲ. ಮೊದಲು ವಾರಕ್ಕೊಂದು ರಾತ್ರಿ, ಬರುತ್ತಾ ಬರುತ್ತಾ ಎರಡು. ಈ ಆಗಸ್ಟಿನಲ್ಲಿ ಆರ್ಡೆಲ್ಲಾಳ ಹೃದಯ ಕೈಕೊಡಲು ಶುರುವಾದ ಮೇಲೆ ಮಕ್ಕಳು ಅರ್ಧ ವಾರ ಇಲ್ಲಿ, ಅರ್ಧ ವಾರ ಅಲ್ಲಿ.

* * *

ಪ್ರಾರ್ಥನೆ ಎರಡು ಗಂಟೆ ನಡೆಯಿತು. ಆರ್ಡೆಲ್ಲಾಳ ಜೊತೆ ಬಸ್ಸು ಓಡಿಸುತ್ತಿದ್ದ ಹೆಂಗಸೊಬ್ಬಳು ಎದ್ದು, ಒಬ್ಬ ಹುಡುಗ ಊಟದ ಡಬ್ಬಿ ಮರೆತನೆಂದು ಆರ್ಡೆಲ್ಲಾ ಇಡೀ ಬಸ್ಸನ್ನೇ ತಿರುಗಿಸಿಕೊಂಡು ಹೋದ ಕತೆ ಹೇಳಿದಾಗ ಚರ್ಚಿಗೆ ಚರ್ಚೇ ನಕ್ಕಿತು. ಆ ಹುಡುಗ ಈಗ ನಲವತ್ತರ ಗಂಡಸು. ಮೂರನೆಯ ಸಾಲಿನಲ್ಲಿ ಕೂತು ನಗುತ್ತಲೇ ಕಣ್ಣೊರೆಸಿಕೊಂಡ. ಸ್ಮಶಾನದ ತನಕ ಶವದ ಕಾರಿನ ಹಿಂದೆ ಶಾಲೆಯ ಒಂದು ಹಳದಿ ಬಸ್ಸೂ ಬಂತು. ಮಣ್ಣು ಹಾಕುವಾಗ ಲಟ್ರೀಸಳಿಗೆ ದುಃಖ ಒತ್ತರಿಸಿ ಬಂದರೂ ಎದೆಯಲ್ಲಿ ಒಂದು ನೆಮ್ಮದಿಯಿತ್ತು. ಅಮ್ಮ ನೋವು ತಿನ್ನದೆ, ನಿದ್ದೆಯಲ್ಲೇ, ಎಲ್ಲ ಕೆಲಸ ಮುಗಿಸಿ ಹೋಗಿದ್ದಳು.

ಊಟ ಚರ್ಚಿನ ಹಿಂದಿನ ಹಾಲಿನಲ್ಲಿ. ಕರಿದ ಕೋಳಿ, ಬೇಯಿಸಿದ ಸೊಪ್ಪು, ಚೀಸು ಸುರಿದ ಮ್ಯಾಕರೋನಿ, ನಾಲ್ಕು ಬಗೆಯ ಕೇಕು. ರೂಫಸ್ ತಟ್ಟೆ ತುಂಬಿಕೊಂಡು ಬಂದು ನೇರವಾಗಿ ಪೆಟ್ಟವೇ ಮೇಷ್ಟ್ರ ಎದುರಿಗೇ ಕೂತ.

"ಮೇಷ್ಟ್ರೇ, ಒಂದು ಡೌಟು. ಅಕ್ಕನ ಟ್ಯಾಕ್ಸು ಇವತ್ತಿಗೆ ಖುಲಾಸೆ ತಾನೆ?"

"ಎಲ್ಲಿಯ ಖುಲಾಸೆ? ಸತ್ತೋರೂ ಕೊನೇ ಸಲ ಒಂದು ಕಾಗದ ಕೊಡ್ಬೇಕು ರೂಫಸ್. ಸತ್ತ ದಿನದ ತನಕದ್ದು."

ರೂಫಸನ ಕೈಯಲ್ಲಿದ್ದ ಕೋಳಿಯ ಕಾಲು ತಟ್ಟೆಗೆ ಬಿತ್ತು. "ಅಯ್ಯೋ ದೇವ್ರೇ! ಸತ್ರೂ ಬಿಡಲ್ವಾ? ಸಹಿ ಯಾರು ಹಾಕ್ತಾರೆ, ಅವಳೇ ಎದ್ದು ಬರ್ತಾಳಾ?"

"ಮನೆಯವರು ಹಾಕ್ತಾರೆ ಕಣಯ್ಯ. ನೀನು ತಿನ್ನು."

ಮೇಜಿನ ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಕಮಿಲ್ ಕೂಡ ನಕ್ಕಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಾ ಲಟ್ರೀಸಳ ಕಡೆ ತಿರುಗಿದರು. "ಈಗ ಮಕ್ಕಳ ವಿಚಾರ. ವರ್ಷದ ಅರ್ಧಕ್ಕಿಂತ ಹೆಚ್ಚು ರಾತ್ರಿ ಯಾರ ಮನೇಲಿದ್ದರೋ ಅವರ ಕಾಗದಕ್ಕೆ ಹೋಗ್ಬೇಕು. ಆಗಸ್ಟಿಂದ ನಿನ್ನ ಹತ್ರಾನೂ ಇದ್ದರಲ್ಲಮ್ಮ, ಹೇಗೆ ಬರೀಲಿ?"

ರೂಫಸ್ ಅವಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ. ಅವನ ಪಿಸುಮಾತು ಎಂದರೆ ಮೂರು ಮೇಜಿಗೆ ಕೇಳಿಸುವಂಥದ್ದು. "ಹಾಕ್ಕೊಂಡ್ಬಿಡೇ. ಈಗ ಯಾರು ಕೇಳ್ತಾರೆ? ತಾಯಿ ನೀನು. ನಿನ್ನ ಹಳೇ ಕಾರಿಗೊಂದು ದಾರಿಯಾಗುತ್ತೆ."

ಎದುರಿಗೆ ಕಿಯಾನಾ ತಿನ್ನುವುದನ್ನು ನಿಲ್ಲಿಸಿ ತಾಯಿಯನ್ನೇ ನೋಡುತ್ತಿದ್ದಳು. ಅದು ಆ ಹಳೆಯ, ಹತ್ತು ವರ್ಷದ ಹುಡುಗಿಯ ನೋಟ.

"ಇಲ್ಲ ಮೇಷ್ಟ್ರೇ" ಎಂದಳು. "ಜುಲೈ ತನಕ ವಾರಕ್ಕೆ ಐದು ರಾತ್ರಿ ಅಮ್ಮನ ಮನೇಲೇ ಮಲಗಿದ್ರು. ಆಮೇಲೆ ಅರ್ಧರ್ಧ. ಇವತ್ತಿಂದ ಡಿಸೆಂಬರ್ ಮುಗಿಯೋ ತನಕ ನನ್ನ ಹತ್ರಾನೇ ಇದ್ರೂ ನಂಗೆ ಇಪ್ಪತ್ತು ರಾತ್ರಿ ಕಮ್ಮಿ ಬೀಳುತ್ತೆ. ಈ ವರ್ಷ ಮಕ್ಕಳು ಅಮ್ಮನೋರೇ. ಅಮ್ಮನ ಕಾಗದದಲ್ಲೇ ಬರೀರಿ."

"ಇಪ್ಪತ್ತು ಅಂತ ಅಷ್ಟು ಖಂಡಿತವಾಗಿ ಹೇಳ್ತಿದ್ದೀಯಲ್ಲೇ" ಎಂದಳು ಕಮಿಲ್.

"ಎಣಿಸಿದ್ದೀನಿ ಅಕ್ಕಾ. ಮೂರು ವರ್ಷದಿಂದ ಒಂದೊಂದು ರಾತ್ರೀನೂ ಎಣಿಸಿದ್ದೀನಿ." ಶುರುವಾದ ಮಾತು ಇನ್ನು ನಿಲ್ಲುವ ಹಾಗಿರಲಿಲ್ಲ. "ಮುಂದಿನ ವರ್ಷ ನನ್ನ ಕಾಗದದಲ್ಲಿ ಬರೀತೀನಿ, ಅದೂ ನಿಜ ಆದ್ರೆ ಮಾತ್ರ. ಮಕ್ಕಳು ನನ್ನ ಜೊತೆ ಇರ್ಬೇಕು ಅಂತ ನಂಗೆ ಆಸೆ. ಬೆಳಗಿನ ಪಾಳಿ ಕೇಳಿ ತಗೊಂಡಿದ್ದೀನಿ. ಮನೆ ಚಿಕ್ಕದು ಹೌದು, ನಿಮ್ಮನೇಲಿ ಇರೋ ಅನುಕೂಲ ನನ್ನಲ್ಲಿಲ್ಲ. ಆದ್ರೂ ಆಸೆ. ಅವರನ್ನ ಕೇಳ್ದೆ ನಾನೇನೂ ಮಾಡಲ್ಲ. ಒಂದ್ಸಲ ಕೇಳ್ದೆ ಬರ್ಕೊಂಡಿದ್ದೆ, ಸಾಕು."

ಕಮಿಲ್ ತಂಗಿಯ ಕೈ ಹಿಡಿದುಕೊಂಡಳು. "ನಾನೇನು ಕಿತ್ಕೊಂಡು ಹೋಗೋಕೆ ಬಂದಿಲ್ಲ ಕಣೇ ಹುಚ್ಚಿ. ಇಷ್ಟನ್ನ ಬೆಳಿಗ್ಗೆನೇ ಹೇಳೋಕೇನಾಗಿತ್ತು ನಿಂಗೆ?"

ಆದರೆ ಕಿಯಾನಾ ಕುರ್ಚಿ ಹಿಂದೆ ಸರಿಸಿ ಎದ್ದಳು. ತಟ್ಟೆ ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟುಹೋದಳು.

ಲಟ್ರೀಸ್ ಅವಳ ಬೆನ್ನನ್ನೇ ನೋಡುತ್ತಾ ಕೂತಳು. ಮಲಾಕೈ, "ನನ್ನನ್ನ ಕೇಳಲ್ವಾ? ನಂಗೆ ಇಷ್ಟ" ಎಂದು ಬಾಯಿ ತುಂಬ ಕೇಕಿಟ್ಟುಕೊಂಡೇ ಹೇಳಿದ. ಎಲ್ಲರೂ ನಕ್ಕರು. ಲಟ್ರೀಸಳಿಗೆ ನಗಲು ಆಗಲಿಲ್ಲ. ಕೇಳಿದ್ದೇ ತಪ್ಪಾಯಿತೇನೋ ಎಂದು ಅವಳಿಗೆ ಅನ್ನಿಸತೊಡಗಿತು.

* * *

ನಾಲ್ಕು ಗಂಟೆಗೆ ಜನ ಹೊರಡತೊಡಗಿದರು. ಸಾವಿನ ಊಟದಲ್ಲಿ ಉಳಿದದ್ದನ್ನು ಚೆಲ್ಲುವ ಪದ್ಧತಿ ಅಲ್ಲಿಲ್ಲ. ಅಡುಗೆಮನೆಯ ಗೂಡಿನಂಥ ಕಿಟಕಿಯಲ್ಲಿ ಚರ್ಚಿನ ಹಿರಿಯಾಕೆ ಸಿಸ್ಟರ್ ಹ್ಯಾಟಿ ನಿಂತು, ಒಬ್ಬೊಬ್ಬರನ್ನೇ ಕರೆದು, "ಮನೇಲಿ ಎಷ್ಟು ಜನ?" ಎಂದು ಕೇಳಿ, ಅಷ್ಟು ತಟ್ಟೆ ತುಂಬಿ, ಬೆಳ್ಳಿಯಂತೆ ಹೊಳೆಯುವ ಫಾಯಿಲ್ ಕಾಗದ ಸುತ್ತಿ ಕೊಡುತ್ತಿದ್ದರು. ಯಾರಾದರೂ ಒಬ್ಬರನ್ನು ಹೆಚ್ಚು ಹೇಳಿದರೆ ಅವರಿಗೆ ಗೊತ್ತಾಗುತ್ತಿತ್ತು. "ರೂಫಸ್, ನೀನೊಬ್ಬನೇ ಇರೋದು, ಐದು ಜನ ಯಾವಾಗಿಂದ ಆದ್ರಪ್ಪ? ತಗೋ ಒಂದು, ನಡಿ."

ಲಟ್ರೀಸಳ ಸರದಿ ಬಂತು. ಸಿಸ್ಟರ್ ಹ್ಯಾಟಿ ಅವಳ ಕೆನ್ನೆ ಮುಟ್ಟಿ, "ನಿಂಗೆಷ್ಟು ಕಂದಾ?" ಎಂದರು.

ಲಟ್ರೀಸ್ ಬಾಯಿ ತೆರೆದಳು. ಒಂದು ಎನ್ನಬೇಕೋ ಏನೆನ್ನಬೇಕೋ ತಿಳಿಯದೆ ಹಾಗೆಯೇ ನಿಂತಳು. ಹಿಂದೆ ಸಾಲಿನಲ್ಲಿದ್ದವರು ಕಾಯುತ್ತಿದ್ದರು.

"ಮೂರು, ಸಿಸ್ಟರ್."

ಒಳಗಿನಿಂದ ಬಂದ ದನಿ. ಕಿಯಾನಾ ಏಪ್ರನ್ ಕಟ್ಟಿಕೊಂಡು, ಹ್ಯಾಟಿಯ ಪಕ್ಕದಲ್ಲಿ ನಿಂತು ಫಾಯಿಲ್ ಕಾಗದ ಹರಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ನೀವು ದೊಡ್ಡಮ್ಮನ ಊರಿಗೆ ಹೋಗ್ತೀರಿ ಅಂತ ಯಾರೋ ಅಂದ್ರಲ್ಲೇ?" ಎಂದರು ಹ್ಯಾಟಿ.

"ರಜೆಗೆ ಹೋಗ್ತೀವಿ. ನಮ್ಮನೇಲಿ ಮೂರು ಜನ" ಎಂದಳು ಕಿಯಾನಾ. "ಒಂದ್ರಲ್ಲಿ ಸೊಪ್ಪು ಹಾಕ್ಬೇಡಿ, ಮಲಾಕೈ ತಿನ್ನಲ್ಲ."

ಸಿಸ್ಟರ್ ಹ್ಯಾಟಿ ಮೂರು ತಟ್ಟೆ ಸಾಲಾಗಿ ಇಟ್ಟರು. ಕಿಯಾನಾ ಒಂದೊಂದಕ್ಕೂ ಕಾಗದ ಹೊದಿಸಿ, ಅಂಚನ್ನು ಸುತ್ತಲೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ಮಡಚಿದಳು. ಆಮೇಲೆ ಒಂದರ ಮೇಲೊಂದು ಪೇರಿಸಿ, ಎರಡೂ ಕೈಯಲ್ಲಿ ಹಿಡಿದು, ಕಿಟಕಿಯಾಚೆ ನಿಂತ ತಾಯಿಯ ಕಡೆ ಚಾಚಿದಳು.

"ಬಿಸಿಯಿದೆ. ಕೆಳಗಿಂದ ಹಿಡ್ಕೋ" ಎಂದಳು.