ನೀಲವ್ವನ ಕೈಗಾಗಿ ಹುಟ್ಟಿದ ಯಂತ್ರ

ನಾನು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಯಂತ್ರ. ಹುಟ್ಟಿದ್ದು ಹಾವೇರಿ ಸೀಮೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ಹಳೇ ಗಿರಣಿಯ ಮೋಟಾರು, ಸೈಕಲ್ ಚೈನು, ಎರಡು ರಬ್ಬರ್ ಉರುಳೆ, ಇಷ್ಟೇ ನನ್ನ ಮೈ. ಕಟ್ಟಿದವನು ಮೌನೇಶ ಬಡಿಗೇರ. ಅವನ ಹೆಂಡತಿ ನೀಲವ್ವ ಸಾವುಕಾರರ ಅಂಗಳದಲ್ಲಿ ದಿನವಿಡೀ ಕೂತು ಬೆರಳಿನಿಂದ ತೊಟ್ಟು ಮುರಿಯುತ್ತಿದ್ದಳು. ಮನೆಗೆ ಬಂದರೆ ಕೈ ಬೆಂಕಿ. ಮಜ್ಜಿಗೆಯಲ್ಲಿ ಅದ್ದಿದರೂ ಉರಿ ಇಳಿಯದು. ಸ್ವಂತ ಮಗಳ ಕೆನ್ನೆ ಮುಟ್ಟುವಂತಿರಲಿಲ್ಲ. ಅದನ್ನು ನೋಡಲಾರದೆ ಮೌನೇಶ ನನ್ನನ್ನು ಮಾಡಿದ.

ದುಡಿಯಲೆಂದು ಹುಟ್ಟಿದೆ, ನಿಜ. ಆದರೆ ಅಯ್ಯೋ, ಆಯುಷ್ಯವೆಲ್ಲ ತೋರಿಸಿಕೊಳ್ಳುವುದರಲ್ಲೇ ಸವೆಯಿತು! ವರ್ತಕರ ಸಮಿತಿ ಒಪ್ಪದ ಹೊರತು ಯಂತ್ರ ಅಂಗಳಕ್ಕೆ ಬರಕೂಡದು ಎಂದುಬಿಟ್ಟರು ಸಾವುಕಾರರು. ಸಮಿತಿಯವರೋ, ಒಮ್ಮೆ ನೋಡಿ ಒಪ್ಪುವ ಪೈಕಿಯವರಲ್ಲ. ಟೆಂಪೋ ಹತ್ತಿದೆ, ಇಳಿದೆ. ಹಾರ ಹಾಕಿಸಿಕೊಂಡೆ, ಚಪ್ಪಾಳೆ ಹೊಡೆಸಿಕೊಂಡೆ. ಒಬ್ಬರು “ಒಂದೀಟು ಗಿಡ್ಡ ಮಾಡ್ರಿ” ಎಂದರು. ಮೌನೇಶ ನನ್ನ ಕಾಲು ಕತ್ತರಿಸಿದ. ಇನ್ನೊಬ್ಬರು “ಇದರಾಗ ಶೇಂಗಾ ಬಿಡಸಾಕ ಬರ್ತೈತೇನ್ರಿ?” ಎಂದರು. ಏನು ಹೇಳುವುದು ಇಂಥವರಿಗೆ! ಹೀಗೇ ಆರು ವರ್ಷ ಕಳೆಯಿತು.

ಕಡೆಗೊಮ್ಮೆ ಸಮಿತಿಯ ಹನ್ನೊಂದೂ ಜನ ಅಂಗಡಿಗೇ ಬರುತ್ತೇವೆ, ಅವತ್ತೇ ತೀರ್ಮಾನ ಹೇಳುತ್ತೇವೆ ಎಂದರು. ತೊಟ್ಟು ಬಿಡಿಸುವ ಮುನ್ನ ಕಾಯಿಗೆ ನೀರು ಚಿಮುಕಿಸಿ ಗೋಣಿ ಮುಚ್ಚಿಡುವುದು ನಮ್ಮ ಕಡೆಯ ಪದ್ಧತಿ. ಮೆತ್ತಗಾದ ಕಾಯಿ ಪುಡಿಯಾಗದು. ನನ್ನ ಉರುಳೆಗಳೂ ಅಂಥ ಕಾಯಿಗೇ ಹೊಂದಿಕೊಂಡಿದ್ದವು. ಮೌನೇಶ ಒಂದು ಚೀಲ ಹಾಗೆ ಮೆತ್ತಗಾಗಿಸಿಟ್ಟು ಹಾರ ತರಲು ಹೋದ. ನೀಲವ್ವ ಗೋಣಿ ಸರಿಸಿ ಮುಖ ಸಿಂಡರಿಸಿದಳು.

“ದೊಡ್ಡ ಮಂದಿ ಬರಾಕತ್ತಾರ. ಇಂಥಾ ಮಂಕು ಕಾಯಿ ಅವರ ಮುಂದ ಹ್ಯಾಂಗ ಇಡೂದು? ಯಂತ್ರಕ್ಕೇನು, ಒಣಾ ಕಾಯಿನೂ ಬಿಡಸ್ತೈತಿ.”

ಬಿಸಿಲಲ್ಲಿ ಗರಿಗರಿ ಒಣಗಿ ಥಳಥಳ ಹೊಳೆಯುವ ಕಾಯಿಗಳನ್ನೇ ಆರಿಸಿ ಬುಟ್ಟಿ ತುಂಬಿದಳು. ಬಂದವರಿಗೆ ಇದ್ದುದರಲ್ಲೇ ಒಳ್ಳೆಯದನ್ನು ಇಟ್ಟು ರೂಢಿಯಾದ ಹೆಂಗಸು, ಪಾಪ.

ಮೌನೇಶ ಬಂದು ಕೂತ ಸಮಿತಿಯವರ ಕಡೆ ಮುಖಮಾಡಿ ವಿವರಿಸುತ್ತಲೇ ಗುಂಡಿ ಒತ್ತಿದ. ನೀಲವ್ವ ಬುಟ್ಟಿ ಸುರಿದಳು. ನಾನೇನು ಮಾಡಲಿ? ಬಾಯಿಗೆ ಬಿದ್ದದ್ದನ್ನು ಅರೆದೆ. ಕೆಂಪು ಘಾಟು ಭುಗ್ಗೆಂದು ಎದ್ದಿತು. ಎಲ್ಲರಿಗೂ ಸೀನು, ಕೆಮ್ಮು, ಕಣ್ಣೀರು.

“ತೊಟ್ಟು ಬಿಡಸೂ ಮಷೀನಂತ, ಮಷೀನು! ಖಾರಪುಡಿ ಗಿರಣಿ ಐತಿ ಇದು! ಇನ್ನ ಈ ಮಾತ ಎತ್ತಬ್ಯಾಡ್ರಿ!” ಎನ್ನುತ್ತ ಅಧ್ಯಕ್ಷರು ಶಾಲು ಮೂಗಿಗೊತ್ತಿಕೊಂಡು ಓಡಿದರು. ಉಳಿದವರೂ ಅವರ ಹಿಂದೆ.

ನೀಲವ್ವ ಗಾಬರಿಯಿಂದ ಮೆತ್ತಗಾದ ಕಾಯಿ ತಂದು ಸುರಿದಳು. ನಾನು ಜೀವ ತೇದು ದುಡಿದೆ. ಕಾಯಿ ಒಂದು ಕಡೆ, ತೊಟ್ಟು ಒಂದು ಕಡೆ, ಒಂದು ಕಾಯಿಯೂ ಮುರಿಯಲಿಲ್ಲ. ನೋಡಲು ಖಾಲಿ ಕುರ್ಚಿಗಳಷ್ಟೇ ಇದ್ದವು.

“ನಂದ ತಪ್ಪಾತು,” ಎಂದಳು.

“ನಿನ್ನ ಕೈ ಉಳೀಲಿ ಅಂತ ಮಾಡಿದ್ನಲ್ಲಾ,” ಎಂದಷ್ಟೇ ಹೇಳಿ ಮೌನೇಶ ವೈರು ಸುತ್ತಿಟ್ಟ. ಬೈದಿದ್ದರೇ ಚೆನ್ನಾಗಿತ್ತು.

ಈಗ ಅಂಗಡಿಯ ಹಿಂದಿನ ಮೂಲೆಯಲ್ಲಿದ್ದೇನೆ. ಮೋಟಾರನ್ನು ಯಾವುದೋ ಪಂಪಿಗೆಂದು ಬಿಚ್ಚಿಕೊಂಡಿದ್ದಾರೆ. ದಣಿದಿದ್ದೇನೆ, ಸುಳ್ಳೇಕೆ, ದುಡಿದು ದಣಿದಿದ್ದರೆ ಇಷ್ಟು ಬೇಸರವಿರುತ್ತಿರಲಿಲ್ಲ. ನೀಲವ್ವ ಇಂದಿಗೂ ಅಂಗಳಕ್ಕೆ ಹೋಗುತ್ತಾಳೆ. ಸಂಜೆ ಬಂದವಳು ಕೆಲವು ಸಲ ನನ್ನ ಪಕ್ಕ ಕೂರುತ್ತಾಳೆ. ನೆರಳಿನ ಕಬ್ಬಿಣ ತಣ್ಣಗಿರುತ್ತದಲ್ಲ, ಉರಿಯುವ ಎರಡೂ ಅಂಗೈಗಳನ್ನು ನನ್ನ ಮೈಗೆ ಒತ್ತಿ “ಹಾಂ, ಒಂದೀಟು ತಂಪಾತು” ಎನ್ನುತ್ತಾಳೆ. ಅವಳ ಕೈಗೆ ನನ್ನಿಂದ ಆದ ಉಪಕಾರ ಇಷ್ಟೇ.