ಆರ್ವಿಲ್ ಎಸೆದ ಔಷಧಿ

ಕೆಂಟಕಿಯ ಆ ಕಲ್ಲಿದ್ದಲು ಕಣಿವೆಯಲ್ಲಿ ನೋವಿನ ಮಾತ್ರೆ ಹಾಳು ಮಾಡದ ಮನೆ ಹುಡುಕುವುದು ಕಷ್ಟ. ಆರ್ವಿಲ್ ಸ್ಟ್ಯಾಂಪರ್ ಮನೆಯೂ ಅದಕ್ಕೆ ಹೊರತಲ್ಲ. ಮಗಳು ಶೆಲ್ಬಿ ವೃದ್ಧಾಶ್ರಮದಲ್ಲಿ ರೋಗಿಗಳನ್ನು ಎತ್ತಿ ಇಳಿಸಿ ಸೊಂಟ ಕೆಡಿಸಿಕೊಂಡಳು. ನೋವಿಗೆಂದು ಶುರುವಾದ ಮಾತ್ರೆ ಚಟವಾಯಿತು. ಕೊನೆಗೆ ರೋಗಿಗಳ ಮಾತ್ರೆಗೇ ಕೈಹಾಕಿ ಸಿಕ್ಕಿಬಿದ್ದಳು. ಅವಳ ಪುಟ್ಟ ಮಗಳು ಮೇಸಿಯನ್ನು ದೊಡ್ಡಮ್ಮನ ಮನೆಗೆ ಕಳಿಸಬೇಕಾಯಿತು.

ಜೈಲಿಗೆ ಹೋಗಬೇಕಾದವಳನ್ನು ಚಟ ಬಿಡಿಸುವ ಚಿಕಿತ್ಸಾ ನ್ಯಾಯಾಲಯ ಸೇರಿಸಿಕೊಂಡಿತು. ವಾರವಾರವೂ ನ್ಯಾಯಾಧೀಶೆಯ ಮುಂದೆ ನಿಲ್ಲಬೇಕು, ಕರೆದಾಗ ಮೂತ್ರ ಪರೀಕ್ಷೆಗೆ ಹೋಗಬೇಕು, ವೈದ್ಯರು ಕೊಟ್ಟ ಔಷಧಿಯನ್ನು ದಿನಾ ಬೆಳಿಗ್ಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಹೀಗೇ ಗಟ್ಟಿಯಾಗಿ ನಿಂತರೆ ಜೈಲೂ ತಪ್ಪುತ್ತದೆ, ಮೇಸಿಯೂ ಮನೆಗೆ ಬರುತ್ತಾಳೆ. ತಪ್ಪಿದರೆ ಎರಡೂ ಇಲ್ಲ.

ಎಲ್ಲಾ ಸರಿಯಾಗಿಯೇ ನಡೆದಿತ್ತು. ಆದರೆ ಆರ್ವಿಲ್‌ಗೆ ಆ ಔಷಧಿ ಕಂಡರಾಗುತ್ತಿರಲಿಲ್ಲ. ಒಂದು ನಶೆ ಬಿಡಿಸಲು ಇನ್ನೊಂದು ನಶೆಯೇ ಎಂದು ಗೊಣಗುತ್ತಿದ್ದ. ಒಂದು ದಿನ ಸಿಟ್ಟು ನೆತ್ತಿಗೇರಿ ಇದ್ದಬದ್ದ ಔಷಧಿಯನ್ನೆಲ್ಲ ಕಕ್ಕಸಿಗೆ ಹಾಕಿ ನೀರು ಬಿಟ್ಟ. ಮಗಳು ಅಳುತ್ತಾ ತಡೆದರೂ ಕೇಳಲಿಲ್ಲ.

ಆಮೇಲೆ ಶೆಲ್ಬಿಯ ಪಾಡು ನೋಡಲಾಗುತ್ತಿರಲಿಲ್ಲ. ಹೊದ್ದರೆ ಬೆವರು, ತೆಗೆದರೆ ನಡುಕ. ಒಲೆಯ ಮೇಲಿನ ಬೀನ್ಸ್ ವಾಸನೆಗೇ ವಾಕರಿಕೆ. ಪಕ್ಕದ ಮನೆಯ ರೋಂಡಾ ಬಂದಾಗ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ರೋಂಡಾ ಪೇಟೆಯಲ್ಲಿ ಕೂದಲು ಕತ್ತರಿಸುವ ಅಂಗಡಿ ಇಟ್ಟವಳು. ಕೆಲವು ವರ್ಷಗಳ ಹಿಂದೆ ಇದೇ ನ್ಯಾಯಾಲಯದಿಂದ ಗುಣವಾಗಿ ಹೊರಬಂದವಳು.

"ಏನಾಯ್ತು ಆರ್ವಿಲಣ್ಣ ಇವಳಿಗೆ?"

"ಏನಿಲ್ಲ. ಆ ಹಾಳು ಔಷಧಿ ಎಸೆದೆ. ಎರಡು ದಿನ ಹಲ್ಲು ಕಚ್ಚಿಕೊಂಡಿದ್ರೆ ಸರಿಹೋಗ್ತಾಳೆ. ನಾನು ಸಿಗರೇಟು ಬಿಡ್ಲಿಲ್ವಾ?"

ರೋಂಡಾ ತಲೆ ಚಚ್ಚಿಕೊಂಡಳು. "ಹೌದಪ್ಪ, ದೊಡ್ಡ ಶೂರ! ಹಾಗಾದ್ರೆ ಸಕ್ಕರೆ ಕಾಯಿಲೆಗೆ ದಿನಾ ಸೂಜಿ ಯಾಕೆ ಚುಚ್ಕೋತೀಯ? ಅದನ್ನೂ ಹಲ್ಲು ಕಚ್ಚಿ ಬಿಡು ನೋಡೋಣ."

"ಅದು ಬೇರೆ ವಿಷಯ."

"ಎಂಥಾ ಬೇರೆ? ಇವಳದ್ದೂ ಕಾಯಿಲೆನೇ. ಈ ಔಷಧಿ ಅಮಲು ಬರಿಸೋಕಲ್ಲ, ಚಪಲ ತಡೆಯೋಕೆ. ನಿಲ್ಲಿಸೋ ಕಾಲಕ್ಕೆ ಡಾಕ್ಟ್ರೇ ನಿಧಾನಕ್ಕೆ ನಿಲ್ಲಿಸ್ತಾರೆ. ನಿನ್ನ ಹಾಗೆ ಒಂದೇ ಸಲಕ್ಕೆ ಕಿತ್ತು ಎಸೆದ್ರೆ ಮತ್ತೆ ಹಳೇ ಮಾತ್ರೆಗೆ ಬಿದ್ದು ಜೀವಕ್ಕೇ ಅಪಾಯ."

ಆಗ ಶೆಲ್ಬಿ ಮಗ್ಗುಲು ಬದಲಿಸಿ ಮೆಲ್ಲಗೆ ಹೇಳಿದಳು. "ರೋಂಡಕ್ಕ, ತಡಕೊಳ್ಳೋಕಾಗ್ಲಿಲ್ಲ. ನಿನ್ನೆ ಹಳೇ ಸ್ನೇಹಿತೆ ಹತ್ರ ಒಂದು ಮಾತ್ರೆ ಇಸ್ಕೊಂಡು ನುಂಗಿಬಿಟ್ಟೆ."

ಆರ್ವಿಲ್‌ನ ಮುಖ ಬಿಳಿಚಿಕೊಂಡಿತು. "ಇವತ್ತು ಮಧ್ಯಾಹ್ನ ಕೋರ್ಟಿದೆ. ಬಾಯಿಬಿಡಬೇಡ ಮಗಳೇ, ಜೈಲಿಗೆ ಹಾಕ್ತಾರೆ."

"ಬಾಯಿಬಿಡದಿದ್ರೆ ಹಾಕ್ತಾರೆ," ಎಂದಳು ರೋಂಡಾ. "ನಾನು ಸುಳ್ಳು ಹೇಳಿ ಜೈಲಿಗೆ ಹೋಗಿ ಬಂದಿದೀನಲ್ಲ, ನನ್ನ ಕೇಳು. ಅಲ್ಲಿ ಜಡ್ಜಮ್ಮ, ಸರ್ಕಾರಿ ವಕೀಲ, ನಮ್ಮ ವಕೀಲ, ಆಪ್ತ ಸಲಹೆಗಾರ್ತಿ, ಎಲ್ಲಾ ಒಂದೇ ಮೇಜಿಗೆ ಕೂತು ಇವಳನ್ನ ಹೇಗೆ ಉಳಿಸೋದು ಅಂತ ಮಾತಾಡ್ತಾರೆ. ನಿಜ ಗೊತ್ತಿಲ್ಲದೆ ಅವರು ತಾನೇ ಏನು ಮಾಡ್ತಾರೆ? ಏಳು ಶೆಲ್ಬಿ, ಕೋಟು ಹಾಕ್ಕೋ."

ನ್ಯಾಯಾಲಯದಲ್ಲಿ ಆರ್ವಿಲ್ ಟೋಪಿ ಹಿಂಡುತ್ತಾ ಹಿಂದಿನ ಬೆಂಚಿನಲ್ಲಿ ಕೂತ. ಜಡ್ಜ್ ಹಾಲ್ಕಂಬ್ ಶೆಲ್ಬಿಯನ್ನು ಕಂಡವರೇ ಕೇಳಿದರು: "ಮೇಸಿಯ ಅಲ್ಲಾಡ್ತಿದ್ದ ಹಲ್ಲು ಬಿತ್ತಾ?" ಇಷ್ಟು ಜನರ ನಡುವೆ ತನ್ನ ಮೊಮ್ಮಗಳ ಹಲ್ಲು ನೆನಪಿಟ್ಟುಕೊಂಡ ಈ ಹೆಂಗಸಿನ ಮೇಲೆ ಆರ್ವಿಲ್‌ಗೆ ಅಲ್ಲೇ ಗೌರವ ಹುಟ್ಟಿತು.

"ಬಿತ್ತು ಮೇಡಂ. ಆದ್ರೆ... ನಾನು ನಿನ್ನೆ ಒಂದು ಮಾತ್ರೆ ತಗೊಂಡೆ."

"ನಿನ್ನ ಔಷಧಿ ಏನಾಯ್ತು?"

ಶೆಲ್ಬಿ ನೆಲ ನೋಡಿದಳು. "ಕಳೆದುಹೋಯ್ತು."

ಸರ್ಕಾರಿ ವಕೀಲರು ತಲೆಯೆತ್ತಿದರು. ಔಷಧಿ ಕಳೆಯಿತೆಂದರೆ ಮಾರಿಕೊಂಡಳೆಂದೇ ಅನುಮಾನ. ಅಪ್ಪನನ್ನು ಕಾಪಾಡಲು ಮಗಳು ತಾನೇ ಜೈಲಿನ ದಾರಿ ಹಿಡಿದಳೆಂದು ಆರ್ವಿಲ್‌ಗೆ ಹೊಳೆಯಿತು. ಥಟ್ಟನೆ ಎದ್ದು ನಿಂತ.

"ಕಳೆದಿಲ್ಲ ಜಡ್ಜಮ್ಮ. ನಾನೇ ಕಕ್ಕಸಿಗೆ ಸುರಿದೆ. ಒಳ್ಳೇದು ಮಾಡ್ತಿದೀನಿ ಅಂದ್ಕೊಂಡಿದ್ದೆ. ಜೈಲಿಗೆ ಹಾಕೋದಾದ್ರೆ ನನ್ನ ಹಾಕಿ."

ಜಡ್ಜಮ್ಮ ಅವನಿಗೆ ಕೂರಲು ಸನ್ನೆ ಮಾಡಿದರು. ಆಮೇಲೆ ಶೆಲ್ಬಿಯ ಕಡೆ ತಿರುಗಿದರು. "ಮಾತ್ರೆ ತಗೊಂಡಿದ್ದನ್ನ ನೀನಾಗೇ ಹೇಳಿದೆ. ಅದಕ್ಕೆ ಶಿಕ್ಷೆ ಇಲ್ಲ, ಚಿಕಿತ್ಸೆ ಇದೆ. ಇಲ್ಲಿಂದ ನೇರ ಡಾಕ್ಟ್ರ ಹತ್ರ ಹೋಗು, ಕಾಯ್ತಿರ್ತಾರೆ. ಕಳೆದುಹೋಯ್ತು ಅಂದ ಸುಳ್ಳಿಗೆ ಮಾತ್ರ ಈ ಶನಿವಾರ ಉದ್ಯಾನದ ಕಸ ಗುಡಿಸಬೇಕು. ಒಪ್ಪಿಗೇನಾ?"

ಶೆಲ್ಬಿ ಅಳುತ್ತಲೇ ತಲೆಯಾಡಿಸಿದಳು. ಅಲ್ಲಿ ಕೂತಿದ್ದ ಅವಳಂಥವರೆಲ್ಲ ಚಪ್ಪಾಳೆ ತಟ್ಟಿದರು. ಜಾರಿ ಬಿದ್ದವಳಿಗೂ ಚಪ್ಪಾಳೆಯೇ ಎಂದು ಆರ್ವಿಲ್ ಬಾಯಿಬಿಟ್ಟುಕೊಂಡು ನೋಡಿದ.

"ಸ್ಟ್ಯಾಂಪರ್ ಅವ್ರೇ, ನಿಮಗೆ ನಾನು ಶಿಕ್ಷೆ ಕೊಡೋ ಹಾಗಿಲ್ಲ," ಎಂದರು ಜಡ್ಜಮ್ಮ. "ಒಂದು ಕೆಲಸ ಕೊಡ್ಲಾ? ಹೊಸ ಔಷಧೀನ ಬೀಗದ ಪೆಟ್ಟಿಗೆಯಲ್ಲಿ ಇಡಿ. ಕೀಲಿ ನಿಮ್ಮ ಹತ್ರ ಇರ್ಲಿ. ಬೆಳಿಗ್ಗೆ ನೀವೇ ತೆಗೆದು ಕೊಡಿ."

ಔಷಧಿ ಎಸೆದವನ ಕೈಗೇ ಕೀಲಿ! ಆರ್ವಿಲ್‌ಗೆ ನಂಬಲಾಗಲಿಲ್ಲ. ಹಿಂಡಿದ್ದ ಟೋಪಿ ಬಿಡಿಸುತ್ತಾ ಹೂಂ ಎಂದ.

ಈಗ ಬೆಳಿಗ್ಗೆ ಆ ಮನೆಗೆ ಹೋದರೆ ಅಪ್ಪ ಮಗಳು ಮೇಜಿನ ಎದುರುಬದುರು ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ. ನಾಲಿಗೆಯ ಕೆಳಗಿನ ಔಷಧಿ ಪೂರ್ತಿ ಕರಗುವ ತನಕ ಶೆಲ್ಬಿ ಏನೂ ಕುಡಿಯುವಂತಿಲ್ಲ. ಅಲ್ಲಿಯ ತನಕ ಆರ್ವಿಲ್ ತನ್ನ ಕಾಫಿಯನ್ನೂ ಮುಟ್ಟುವುದಿಲ್ಲ.

"ತಾತಾ, ನಿನ್ ಕಾಫಿ ಆರಿಹೋಯ್ತು!" ಎಂದು ಕೂಗುತ್ತಾಳೆ ಮೇಸಿ. ಹೌದು, ಅವಳು ಈ ವಸಂತದಲ್ಲಿ ಮನೆಗೆ ಬಂದಿದ್ದಾಳೆ.

ನಿಮ್ಮ ಮನೆಯಲ್ಲೂ ಯಾರಾದರೂ ಚಟದಿಂದ ಹೊರಬರಲು ಒದ್ದಾಡುತ್ತಿದ್ದರೆ, ಹಟಕ್ಕೆ ಬಿದ್ದು ಅವರ ಔಷಧಿ ಕಿತ್ತುಕೊಳ್ಳಬೇಡಿ, ವೈದ್ಯರನ್ನು ಕೇಳಿ. ಅವರು ಜಾರಿದರೆ ಮುಚ್ಚಿಡಬೇಡಿ. ಸಹಾಯ ಮಾಡುವವರ ಹತ್ತಿರ ಜೊತೆಯಲ್ಲೇ ಹೋಗಿ ನಿಜ ಹೇಳಿ. ನಾಳೆ ಬೆಳಿಗ್ಗೆ ಅವರ ಎದುರು ಒಂದಿಷ್ಟು ಹೊತ್ತು ಸುಮ್ಮನೆ ಕೂತುಕೊಳ್ಳಿ. ನಿಮ್ಮ ಕಾಫಿ ಆರಿದರೆ ಆರಲಿ.