ಹೋಟೆಲು ತೆಗೆದ ದಿನ

ದೋಸೆ ಕಾವಲಿಯ ನಟ್ಟನಡುವೆ ಒಂದು ಹಲ್ಲಿ ಯಜಮಾನನ ಠೀವಿಯಲ್ಲಿ ಕೂತಿತ್ತು. ವಿಶ್ವಂಭರ ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದ. ನೆಟ್ಟಗಿರುವುದು ಯಾವುದೂ ನನ್ನ ಈ ಗೆಳೆಯನಿಗೆ ಹಿಡಿಸುತ್ತಿರಲಿಲ್ಲ. ಗೋಡೆ ಬಿರಿದಿರಬೇಕು, ಸೂರು ಜೋತಿರಬೇಕು, ಆಗಲೇ ಅವನ ಕಣ್ಣು ತುಂಬಿ ಬರುತ್ತಿದ್ದದ್ದು. ಹಳೇ ರಸ್ತೆಯ ಬದಿಯ ಆ ಹೋಟೆಲಿನಲ್ಲಿ ಅವನಿಗೆ ಬೇಕಾದ್ದೆಲ್ಲ ಇತ್ತು. ಹೊಸ ರಸ್ತೆಯಾಗಿ ಬಸ್ಸುಗಳು ಆ ಕಡೆ ತಿರುಗಿದ ಮೇಲೆ ಅದರ ಯಜಮಾನರು ಬಾಗಿಲನ್ನೂ ಕಿತ್ತುಕೊಂಡು ಊರು ಬಿಟ್ಟಿದ್ದರಂತೆ. ನನ್ನ ಕೆಲಸ ಚೀಲ ಹೊರುವುದು, ಯಾರಾದರೂ ಕೇಳಿದರೆ ಉತ್ತರ ಹೇಳುವುದು. ಎಡವಿದ್ದು ಈ ಎರಡನೆಯದರಲ್ಲಿ. ಈಗ ನೆನೆದರೂ ನಗು ಬರುತ್ತದೆ.

ಮೇಕೆ ಹೊಡೆದುಕೊಂಡು ಬಂದ ವಯಸ್ಸಾದ ಹೆಂಗಸೊಬ್ಬರು ಹೊರಗೆ ನಿಂತು, "ಏನ್ ಮಾಡ್ತಿದೀರಿ ಸ್ವಾಮಿ?" ಎಂದು ಕೇಳಿದರು.

"ಹೋಟ್ಲು ತೆಗೀತಿದೀವಮ್ಮ," ಎಂದೆ. ಫೋಟೋ ಎಂಬ ಮಾತು ಬಾಯಿಗೆ ಬರಲಿಲ್ಲ, ಅಷ್ಟೇ.

"ತೆಗೀತಿದೀರಾ! ಯಾವತ್ತು?"

"ಇವತ್ತೇ. ಬಿಸಿಲು ಇಳಿಯೋದ್ರೊಳಗೆ ಆಗ್ಬೇಕು."

ಆಕೆ ಮೇಕೆಗಳನ್ನು ನನ್ನ ಪಾಲಿಗೆ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಓಡಿದರು. ನಮ್ಮ ಕಲೆಗೆ ಇಷ್ಟೊಂದು ಬೆಲೆಯೇ ಎಂದು ನನಗೆ ಹೆಮ್ಮೆಯೇ ಆಯಿತು.

ಸ್ವಲ್ಪ ಹೊತ್ತಿಗೆ ಆಕೆ ಗಂಡನನ್ನು ಕರೆತಂದರು. ಆ ಹೋಟೆಲಿನ ಹಳೇ ಅಡುಗೆಯವರು, ಚೆನ್ನಿಗರಾಯಪ್ಪ. ಒಂದು ಕೈಯಲ್ಲಿ ದೋಸೆ ಹಿಟ್ಟಿನ ಪಾತ್ರೆ, ಇನ್ನೊಂದರಲ್ಲಿ ಪೊರಕೆ, ಕಂಕುಳಲ್ಲಿ ಸೌದೆ. ನಮ್ಮನ್ನು ಮಾತಾಡಿಸುವ ಮೊದಲೇ ಅವರು ಜೇಡರ ಬಲೆಗೆ ಪೊರಕೆ ಹಾಕಿದರು.

"ಅಯ್ಯೋ, ಹಾಳು ಮಾಡ್ಬೇಡಿ!" ವಿಶ್ವಂಭರ ಕೂಗಿಕೊಂಡ.

"ಹಾಳೆಲ್ಲಿ ಮಾಡ್ತಿದೀನಿ, ಗುಡಿಸ್ತಿದೀನಿ," ಎಂದರು ಅವರು.

ಹಲ್ಲಿ ಗೋಡೆ ಹತ್ತಿತು. ಇಟ್ಟಿಗೆ ಚೂರಿನಿಂದ ಕಾವಲಿ ಉಜ್ಜಿದ್ದಾಯಿತು, ಒಲೆ ಹೊತ್ತಿತು. ವಿಶ್ವಂಭರನ ಪಾಳು ಹೋಟೆಲು ಅವನ ಕಣ್ಣೆದುರೇ ಕೆಟ್ಟುಹೋಗುತ್ತಿತ್ತು. ಆ ಹೆಂಗಸು, ಪುಟ್ಟಗೌರಮ್ಮ, ನನ್ನನ್ನು ಪಕ್ಕಕ್ಕೆ ಕರೆದರು.

"ದೇವ್ರು ಬಂದ್ಹಾಗೆ ಬಂದ್ರಿ. ಹೋಟ್ಲು ಮುಚ್ಚಿದಾಗಿಂದ ಇವ್ರು ನನ್ನ ಅಡುಗೆಮನೇಲೇ ಠಿಕಾಣಿ. ಇರೋ ಇಬ್ರಿಗೆ ಕೊಳದಪ್ಪಲೆ ತುಂಬ ಸಾರು ಮಾಡ್ತಾರೆ. ನಾನು ಒಗ್ಗರಣೆ ಇಟ್ರೆ ಪಕ್ಕದಲ್ಲೇ ನಿಂತು 'ಈಗ ಬೇಡ, ಈಗ ಬೇಡ' ಅಂತಾರೆ. ನನ್ನ ಒಲೆ ನನಗೆ ವಾಪಸ್ ಸಿಕ್ಕಿದ್ರೆ ಸಾಕಪ್ಪ!"

ನಾನು ಹೇಳಿದ 'ತೆಗೆಯೋದು' ಯಾವುದು, ಅವರಿಗೆ ಕೇಳಿಸಿದ್ದು ಯಾವುದು ಎಂದು ಆಗ ಹೊಳೆಯಿತು. ಅಷ್ಟರಲ್ಲಿ ಚೆನ್ನಿಗರಾಯಪ್ಪ ಕೈಮುಗಿದುಕೊಂಡು ಬಂದರು.

"ಯಜಮಾನ್ರು ನೀವೋ, ಅವ್ರೋ? ನಾಳೆಗೆ ಎಷ್ಟು ಹಿಟ್ಟು ರುಬ್ಲಿ?"

"ನಾವು ತೆಗೆಯೋದು... ಬರೀ ಫೋಟೋ," ಎಂದು ತೊದಲಿದೆ.

ಅವರು ಕಾವಲಿಯ ಕಡೆ ನೋಡಿದರು. ಅದು ಹದವಾಗಿ ಕಾದಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. "ಹೋಗ್ಲಿ ಬಿಡಿ," ಎಂದು ಹಿಟ್ಟಿನ ಪಾತ್ರೆ ಎತ್ತಿಕೊಂಡರು. "ನಡಿಯೇ ಗೌರಿ, ಮನೆಗೆ ಹೋಗೋಣ."

ಮನೆ ಎಂದದ್ದೇ ತಡ, ಪುಟ್ಟಗೌರಮ್ಮ ಸೊಂಟಕ್ಕೆ ಕೈಯಿಟ್ಟರು. "ಯಾಕೆ ಹೋಗ್ಬೇಕು? ತೆಗೆದದ್ದು ತೆಗೆದಾಯ್ತು. ದಿನಾ ಮಧ್ಯಾಹ್ನದವರೆಗೆ ನೀವು ಇಲ್ಲಿ, ನಾನು ಅಲ್ಲಿ."

"ಈ ರಸ್ತೇಲಿ ಯಾವ ಗಿರಾಕಿ ಬರ್ತಾನೆ?"

"ಯಾರೂ ಬರ್ಲಿಲ್ಲ ಅಂದ್ರೆ ನಾನೇ ಬರ್ತೀನಿ," ಎಂದವರೇ ಮುರುಕು ಬೆಂಚಿನ ಮೇಲೆ ಕೂತುಬಿಟ್ಟರು. ಅಷ್ಟು ವರ್ಷದ ಸಂಸಾರದಲ್ಲಿ ಆಕೆ ಗಂಡನ ಹೋಟೆಲಿನೊಳಗೆ ಕೂತದ್ದು ಅದೇ ಮೊದಲಂತೆ.

ಚೆನ್ನಿಗರಾಯಪ್ಪ ನಮ್ಮನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಪಾತ್ರೆ ಕೆಳಗಿಟ್ಟು, ಹೆಗಲ ಮೇಲಿನ ವಸ್ತ್ರದಿಂದ ಮೇಜು ಒರೆಸಿ, ಗುರುತೇ ಇಲ್ಲದವರನ್ನು ಕೇಳುವಂತೆ ಕೇಳಿದರು: "ಏನ್ ಕೊಡ್ಲಿ ತಾಯಿ?"

"ಏನೇನಿದೆ?"

ಇದ್ದದ್ದು ಬರೀ ದೋಸೆ ಹಿಟ್ಟು. ಆದರೂ ಅವರು, ಹಿಂದೆ ಸಪ್ಲೈಯರುಗಳು ಕೂಗುತ್ತಿದ್ದ ಧಾಟಿಯಲ್ಲೇ, ಒಂದೇ ಉಸಿರಿಗೆ ಹೇಳಿದರು: "ಇಡ್ಲಿ, ವಡೆ, ಉಪ್ಪಿಟ್ಟು, ಕೇಸರಿಬಾತು, ಖಾಲಿ ದೋಸೆ, ಮಸಾಲೆ ದೋಸೆ, ಪೂರಿ ಸಾಗು, ಬಿಸಿಬಿಸಿ ಬೋಂಡ!"

ವಿಶ್ವಂಭರ ಕ್ಯಾಮೆರಾ ಎತ್ತುವುದನ್ನೇ ಮರೆತಿದ್ದ. ಪುಟ್ಟಗೌರಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡು ಕೊನೆಯವರೆಗೂ ಕೇಳಿದರು.

"ಇನ್ನೊಂದ್ಸಲ ಹೇಳಿ," ಎಂದರು.